ರೇಣುಕಾಸಾಗರಕ್ಕೆ ಎಂಥ ದೋಣಿ?

ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನ ಹಿಂದೆ ಮಲಪ್ರಭೆ ರೇಣುಕಾಸಾಗರವಾಗಿ ಹರಡಿಕೊಂಡಿದ್ದಾಳೆ. ತುಂಬಿದರೆ ಸುಮಾರು 37 ಟಿಎಂಸಿ ನೀರು. ಇಲ್ಲಿ ವಿಹಾರಕ್ಕೆ, ಒಂದೆರಡು ದಿನದ ಪಯಣಕ್ಕೆ ಹೊಸ ದೋಣಿ ಕೊಳ್ಳುವವರು ಬಣ್ಣ, ಬೆಲೆಗಿಂತ ಮೊದಲು ನೀರಿನ ಸ್ವಭಾವ ನೋಡಬೇಕು. ನಮ್ಮ ಹರಿಗೋಲು ಇರುವಾಗ ಉದ್ದನೆಯ ದೋಣಿ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಬಿದಿರು ಹೆಣೆದು, ತಾಡಪತ್ರಿ ಹೊದಿಸಿ, ಡಾಂಬರು ಬಳಿದ ಹರಿಗೋಲು ಅಗ್ಗ, ಮೊಣಕಾಲುದ್ದ ನೀರಲ್ಲೂ ತೇಲುತ್ತದೆ, ನದಿ ದಾಟಲು ಅದಕ್ಕೆ ಸಾಟಿಯಿಲ್ಲ. ಆದರೆ ದುಂಡಗಿನ ತಳಕ್ಕೆ ದಿಕ್ಕೆಂಬುದಿಲ್ಲ. ವಿಶಾಲ ಹಿನ್ನೀರಿನಲ್ಲಿ ಗಾಳಿ ಎದ್ದರೆ ಹುಟ್ಟು ಹಾಕಿದಷ್ಟೂ ಸುತ್ತುತ್ತದೆ. ಹದಿನಾರು ಅಡಿಯ ನೀಳ ದೋಣಿ ನೆಟ್ಟಗೆ ಸಾಗುತ್ತದೆ, ಇಬ್ಬರನ್ನೂ ಅವರ ಬುತ್ತಿ, ಹಾಸಿಗೆಯನ್ನೂ ಹೊರುತ್ತದೆ. ನೀಳ ದೋಣಿಯಲ್ಲೂ ಗಟ್ಟಿ ಪ್ಲಾಸ್ಟಿಕ್ಕಿನದೇ ಬಾಳಿಕೆ ಬರುತ್ತದಲ್ಲ ಎನ್ನಬಹುದು. ಅಣೆಕಟ್ಟಿನ ಕೆಳಗೆ ರಾಮದುರ್ಗದತ್ತ, ತಳಕ್ಕೆ ಕಲ್ಲು ತಾಗುವ ಹೊಳೆಯಲ್ಲಿ ಆ ಮಾತು ಸರಿ. ಹಿನ್ನೀರಿನಲ್ಲಿ ಮಾತ್ರ ತೂಕವೇ ದೊಡ್ಡ ಲೆಕ್ಕ: ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ದಂಡೆಯಿಂದ ನೀರಿನತನಕ ಬಿರಿದ ಎರೆಮಣ್ಣು, ಅಂಚಿನಲ್ಲಿ ಮೀನಗಂಡ ಮುಳುಗುವ ಕೆಸರು. ಅಲ್ಲಿ ಹೆಗಲ ಮೇಲೆ ಹೊರಲಾಗದ ದೋಣಿ ಮನೆಯಲ್ಲೇ ಉಳಿಯುತ್ತದೆ. ಆದ್ದರಿಂದ ಇಲ್ಲಿಗೆ ಹಗುರವಾದ ಫೈಬರ್ ದೋಣಿಯೇ ಸೂಕ್ತ. ಉಳಿದ ದುಡ್ಡಿನಲ್ಲಿ ಮೊದಲು ಜೀವರಕ್ಷಕ ಜಾಕೆಟ್ ಕೊಳ್ಳಿ, ಜಲಾಶಯದ ಅಧಿಕಾರಿಗಳ ಅನುಮತಿ ಪಡೆದೇ ನೀರಿಗಿಳಿಯಿರಿ.