ಗಟ್ಟಿ ಮೀನು ಅಂದರೆ ಯಾವ ಮೀನು?

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಬೇಕೆಂದು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು, ಬೇಗ ಸಾಯದ ಮೀನು ಯಾವುದು ಅಂತ. ಉತ್ತರವೂ ಸಿದ್ಧ: "ಡ್ಯಾಮ್ಸೆಲ್ ಲೇ ಜಾವೋ ಸಾಬ್, ಕುಛ್ ನಹೀ ಹೋಗಾ." ನನ್ನ ತಕರಾರು ಇರುವುದು ಈ "ಏನೂ ಆಗಲ್ಲ" ಅನ್ನುವುದರ ಬಗ್ಗೆಯೇ.

ಹೊಸ ಟ್ಯಾಂಕಿನ ನೀರು ನೋಡಲು ತಿಳಿಯಾಗಿದ್ದರೂ ಮೀನಿಗೆ ಅದು ಮನೆಯಾಗಿರುವುದಿಲ್ಲ. ಮೀನಿನ ಹೊಲಸು, ತಿಂದು ಉಳಿದ ಆಹಾರ ಕೊಳೆತು ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆ ವಾರಗಳ ವಿಷ ಕುಡಿಯಲಿಕ್ಕೆಂದೇ ಡ್ಯಾಮ್ಸೆಲ್ ಬಿಡುವ ರೂಢಿ. ಬದುಕಿದರೆ ಗಟ್ಟಿ, ಸತ್ತರೆ ಇನ್ನೊಂದು! 26 ಜುಲೈ 2005ರ ಪ್ರಳಯದ ನಂತರ ನಮ್ಮನ್ನೂ ಹೀಗೇ "ಮುಂಬಯಿ ಸ್ಪಿರಿಟ್" ಅಂತ ಹೊಗಳಿದರಲ್ಲವೆ? ಸಹಿಸುವವನಿಗೆ ಬಿರುದು ಕೊಟ್ಟುಬಿಟ್ಟರೆ ಚರಂಡಿ ಸರಿಮಾಡುವ ಕೆಲಸ ತಪ್ಪುತ್ತದೆ ನೋಡಿ.

ಈ ಹಿಂಸೆಯ ಅಗತ್ಯವೇ ಇಲ್ಲ. ಮೀನು ಮಾರ್ಕೆಟ್ಟಿನಿಂದ ಒಂದು ಹಸಿ ಸಿಗಡಿ ತಂದು ಖಾಲಿ ಟ್ಯಾಂಕಿಗೆ ಹಾಕಿದರೆ ಸಾಕು. ಅದು ಕೊಳೆತು ಅಮೋನಿಯಾ ಕೊಡುತ್ತದೆ, ಬ್ಯಾಕ್ಟೀರಿಯಾ ತಾನಾಗಿ ಬೆಳೆಯುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಮೀನು ತನ್ನಿ.

ಇನ್ನು ಯಾವ ಮೀನು? ಡ್ಯಾಮ್ಸೆಲ್ ಬದುಕೇನೋ ಬದುಕುತ್ತದೆ, ಆದರೆ ಬೆಳೆದ ಮೇಲೆ ಆಮೇಲೆ ಬಂದವರನ್ನೆಲ್ಲ ಕಚ್ಚಿ ಓಡಿಸುತ್ತದೆ, ಲೋಕಲ್ ಟ್ರೇನಿನಲ್ಲಿ ಸೀಟು ಹಿಡಿದವನ ಹಾಗೆ. ನನ್ನ ಮತ ಟ್ಯಾಂಕಿನಲ್ಲೇ ಹುಟ್ಟಿ ಬೆಳೆದ ಜೋಡಿ ಕ್ಲೌನ್ ಮೀನಿಗೆ, ಅದೇ 2003ರ ಸಿನಿಮಾದ ನೀಮೋ. ನೂರು ಲೀಟರಿನ ಟ್ಯಾಂಕಿಗೆ ಒಂದು ಜೋಡಿ ಸಾಕು, ಅನಿಮೋನ್ ಬೇಕೆಂದೇನಿಲ್ಲ. ಕಡಲಿನಿಂದ ಹಿಡಿದು ತಂದ ಮೀನು ಪ್ರಯಾಣದಲ್ಲೇ ಅರ್ಧ ಸೋತಿರುತ್ತದೆ. ಇದು ಗುಳಿಗೆ ಆಹಾರ ತಿಂದೇ ಬೆಳೆದದ್ದು. ದೂರ ಯಾಕೆ, ನಮ್ಮ ಪಕ್ಕದ ಐರೋಲಿಯಲ್ಲೇ ಮ್ಯಾಂಗ್ರೋವ್ ಫೌಂಡೇಶನ್ ಜೊತೆ ಸೇರಿ ಸರಕಾರಿ ವಿಜ್ಞಾನಿಗಳು ಕ್ಲೌನ್ ಮರಿ ಮಾಡಿಸಿದ್ದಾರೆ. ಕೊಳ್ಳುವ ಮುಂಚೆ ಅಂಗಡಿಯವನಿಗೆ ಎರಡು ಕಾಳು ಆಹಾರ ಹಾಕಲು ಹೇಳಿ. ತಿನ್ನದ ಮೀನನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಮ್ಯಾಂಡರಿನ್ ಬಣ್ಣಕ್ಕೆ ಮರುಳಾಗಬೇಡಿ, ಅದು ಬಹುಮಟ್ಟಿಗೆ ಜೀವಂತ ಸೂಕ್ಷ್ಮ ಹುಳಗಳನ್ನೇ ತಿನ್ನುತ್ತದೆ. ಹೊಸ ಟ್ಯಾಂಕಿನಲ್ಲಿ ಉಪವಾಸವೇ ಗತಿ. ಕಡಲಕುದುರೆ, ಹವಳ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ, ಮುಟ್ಟಬೇಡಿ.

ಕಳವಾಕ್ಕೇ ಸೇರಿದ ನಾಲ್ಕು ಮಾತು. ಖಾಡಿ ಹತ್ತಿರವೇ ಇದೆ ಅಂತ ಆ ನೀರು ತುಂಬಬೇಡಿ, ಅದರಲ್ಲಿ ಊರಿನ ಕೊಳೆಯೆಲ್ಲ ಇದೆ. ಅಡಿಗೆ ಉಪ್ಪೂ ಆಗದು. ಅಕ್ವೇರಿಯಂ ಉಪ್ಪನ್ನೇ ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಬೆರೆಸಿ. ಮೇ ತಿಂಗಳಲ್ಲಿ ನೀರು 30 ಡಿಗ್ರಿ ದಾಟಿದರೆ ಮೇಲ್ಮೈಗೆ ಫ್ಯಾನ್ ಹಿಡಿಯಿರಿ. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಆದ್ದರಿಂದ ಕಮ್ಮಿಯಾದಷ್ಟು ಸಿಹಿನೀರನ್ನೇ ಹಾಕಬೇಕು. ಕರೆಂಟು ಹೋದರೆ ಇರಲಿ ಅಂತ ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಮೀನಿನ ಗಟ್ಟಿತನ ಇಂಥ ಒಂದು ಕೆಟ್ಟ ದಿನಕ್ಕೆ ಮೀಸಲು, ನಮ್ಮ ಅವಸರಕ್ಕಲ್ಲ. ಆರು ವಾರ ಖಾಲಿ ಟ್ಯಾಂಕ್ ನೋಡುವ ತಾಳ್ಮೆ ಇಲ್ಲದವರು ಉಪ್ಪುನೀರಿನ ಗೊಡವೆಗೇ ಹೋಗಬಾರದು. ನೀವೇನಂತೀರಿ?