‘ಬೈಸಿಕಲ್ ಥೀವ್ಸ್’: ದೆಹಲಿಯ ಕಣ್ಣಲ್ಲಿ ಏಳು ದಶಕ

ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ 1952ರ ಜನವರಿ 24ರಂದು ಮುಂಬೈಯಲ್ಲಿ ಆರಂಭವಾಗಿ ಮದ್ರಾಸು, ದೆಹಲಿ, ಕಲ್ಕತ್ತೆಗಳನ್ನು ಸುತ್ತಿಬಂತು. ಅಂದು ತೆರೆಕಂಡ ಚಿತ್ರಗಳಲ್ಲಿ ಬಹುಪಾಲು ಮರೆತುಹೋಗಿವೆ. ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ಮಾಡಿದ ‘ಬೈಸಿಕಲ್ ಥೀವ್ಸ್’ ಮಾತ್ರ ರಾಜಧಾನಿಯ ಸಿನಿಮಾಸಕ್ತರ ಮಾತಿನಿಂದ ಇಂದಿಗೂ ಮರೆಯಾಗಿಲ್ಲ. ಯುದ್ಧದಲ್ಲಿ ನಲುಗಿದ ರೋಮಿನ ನಿರುದ್ಯೋಗ ಎಂಥದೆಂದು ಆ ದೆಹಲಿಗೆ ಯಾರೂ ವಿವರಿಸಬೇಕಿರಲಿಲ್ಲ. ವಿಭಜನೆಯಲ್ಲಿ ಎಲ್ಲವನ್ನೂ ಕಳೆದುಕೊಂಡು ಬಂದವರು ಕಿಂಗ್ಸ್‌ವೇ ಕ್ಯಾಂಪಿನಲ್ಲಿ, ಲಾಜಪತ್ ನಗರದಲ್ಲಿ ಮತ್ತೆ ಬದುಕು ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ಸರ್ಕಾರಿ ಕ್ವಾರ್ಟರ್ಸುಗಳಿಂದ ಸೆಕ್ರೆಟೇರಿಯೆಟ್ಟಿನ ಕಡೆ ಬೆಳಿಗ್ಗೆ ಹೊರಡುತ್ತಿದ್ದ ಗುಮಾಸ್ತರಿಗೆ ಸೈಕಲ್ಲೇ ವಾಹನ. ಚಿತ್ರದಲ್ಲಿ, ನೌಕರಿಗೆ ಬೇಕಾದ ಗಂಡನ ಸೈಕಲ್ಲನ್ನು ಅಡವಿನಿಂದ ಬಿಡಿಸಲು ಮರಿಯಾ ಮನೆಯ ಬೆಡ್‌ಶೀಟುಗಳನ್ನೇ ಒಯ್ದು ಒತ್ತೆಯಿಡುತ್ತಾಳಲ್ಲ, ಆ ದೃಶ್ಯವನ್ನು ನೆನೆಯಿರಿ. ಅಂಗಡಿಯಾಳು ಗಂಟನ್ನು ಹೊತ್ತು ಕಪಾಟಿನ ಮೆಟ್ಟಿಲು ಹತ್ತುತ್ತಾನೆ, ಹತ್ತುತ್ತಲೇ ಹೋಗುತ್ತಾನೆ. ಸೂರಿನವರೆಗೂ ಅಂಥವೇ ಗಂಟುಗಳು, ಒಂದೊಂದೂ ಒಂದೊಂದು ಮನೆಯದು. ಆ ಒಂದು ನೋಟ ಇಡೀ ಊರಿನ ಕಷ್ಟವನ್ನು ಹೇಳಿಬಿಡುತ್ತದೆ. ನಮ್ಮ ದೆಹಲಿ ಕರ್ನಾಟಕ ಸಂಘ ಹುಟ್ಟಿದ್ದೂ ಈ ಚಿತ್ರ ಬಂದ 1948ರಲ್ಲಿಯೇ. ನೌಕರಿಗಾಗಿ ಇಷ್ಟು ದೂರ ಬಂದ ನಮ್ಮ ಹಿರಿಯರು ತಮ್ಮ ಬದುಕನ್ನೇ ಆ ತೆರೆಯ ಮೇಲೆ ಗುರುತಿಸಿಕೊಂಡಿದ್ದರೆ ಅಚ್ಚರಿಯೇನಿಲ್ಲ.

ಆಮೇಲಿನ ಕಥೆ ಓದುಗರಿಗೆ ಗೊತ್ತಿರುವುದೇ. ಉತ್ಸವದಲ್ಲಿ ಈ ಚಿತ್ರ ಕಂಡ ಬಿಮಲ್ ರಾಯ್ 1953ರಲ್ಲಿ ‘ದೋ ಬಿಘಾ ಜಮೀನ್’ ಕೊಟ್ಟರು. 1950ರಲ್ಲೇ ಲಂಡನ್ನಿನಲ್ಲಿ ಇದನ್ನು ನೋಡಿದ್ದ ಸತ್ಯಜಿತ್ ರಾಯ್ 1955ರಲ್ಲಿ ‘ಪಥೇರ್ ಪಾಂಚಾಲಿ’ಯನ್ನು ತೆರೆಗೆ ತಂದರು. ದೆಹಲಿ ಫಿಲ್ಮ್ ಸೊಸೈಟಿ, 1959ರಲ್ಲಿ ಫಿಲ್ಮ್ ಸೊಸೈಟಿಗಳ ಒಕ್ಕೂಟ, ಸತ್ಯಜಿತ್ ರಾಯ್ ತೀರ್ಪುಗಾರರ ಅಧ್ಯಕ್ಷರಾಗಿದ್ದ 1965ರ ದೆಹಲಿ ಚಿತ್ರೋತ್ಸವ, ಹೀಗೆ ಒಂದರ ಹಿಂದೊಂದು ಬಂದವು. ಒಳ್ಳೆಯ ಸಿನಿಮಾ ಇನ್ನು ಎಲ್ಲರ ಸೊತ್ತು ಎಂಬ ಮಾತನ್ನು ಆ ದಶಕಗಳು ಕೊಟ್ಟಿದ್ದವು. ಆದರೆ ವಿಚಿತ್ರವೆಂದರೆ, ಅದೇ ಹೊತ್ತಿಗೆ ‘ಬೈಸಿಕಲ್ ಥೀವ್ಸ್’ನ ಪಟ್ಟ ಅಲುಗಾಡತೊಡಗಿತ್ತು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ 1952ರಲ್ಲಿ ಅದಕ್ಕೆ ಮೊದಲ ಸ್ಥಾನ. 1972ರಲ್ಲಿ ಮೊದಲ ಹತ್ತರಲ್ಲೂ ಇಲ್ಲ. ಅಂತೋನಿಯೋನಿ, ಫೆಲಿನಿ, ಗೊಡಾರ್ಡ್‌ರನ್ನು ಕಂಡ ತಲೆಮಾರಿಗೆ ಡಿ ಸಿಕಾ ಅಳಿಸುವ ನಿರ್ದೇಶಕನಾಗಿ ಕಂಡ. ಇಲ್ಲಿನ ಚರ್ಚೆಗಳಲ್ಲೂ ಆ ಮಾತು ಕೇಳಿಬಂತು. ಅದನ್ನು ನಾವು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಹೋಟೆಲಿನ ದೃಶ್ಯವನ್ನೇ ನೋಡಿ. ಮಗ ಬ್ರೂನೊನಿಗೆ ಹೊಡೆದ ತಪ್ಪಿಗೆ ಮರಿಯಾಳ ಗಂಡ ಅಂತೋನಿಯೊ ಅವನಿಗೆ ಊಟ ಕೊಡಿಸುತ್ತಾನೆ. ಪಕ್ಕದ ಮೇಜಿನಲ್ಲಿ ಸಿರಿವಂತರ ಹುಡುಗ. ಊಟದ ನಡುವೆ ಬ್ರೂನೊನ ಕೈಗೆ ಪೆನ್ಸಿಲ್ ಕೊಟ್ಟು, ಸೈಕಲ್ ಕಳುವಾಗಿ ಕೈತಪ್ಪಿದ ನೌಕರಿಯ ಸಂಬಳ, ಓವರ್‌ಟೈಮು, ಭತ್ಯೆಗಳ ಲೆಕ್ಕ ಬರೆಸುತ್ತಾನೆ. ಅಲ್ಲಿ ಯಾರೂ ಅಳುವುದಿಲ್ಲ. ತಿಂಗಳ ಕೊನೆಯಲ್ಲಿ ಮಕ್ಕಳೆದುರು ಲೆಕ್ಕ ಹಾಕಿದ ಪ್ರತಿಯೊಬ್ಬ ತಂದೆಗೂ ಆ ದೃಶ್ಯದ ಭಾರ ಗೊತ್ತು.

ಕನ್ನಡ ಚಿತ್ರಗಳು ಈ ಊರಿನಲ್ಲಿ ತಲೆಯೆತ್ತಿ ನಿಂತದ್ದೂ ಅದೇ ಕಾಲದಲ್ಲಿ. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಗೆದ್ದವು. 1986ರ ‘ತಬರನ ಕಥೆ’ಗೂ ಅದೇ ಗೌರವ ಬಂತು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನನ್ನೂ ಡಿ ಸಿಕಾನ 1952ರ ‘ಉಂಬೆರ್ತೊ ಡಿ’ಯ ನಿವೃತ್ತ ಮುದುಕನನ್ನೂ ಒಟ್ಟಿಗೆ ನೆನೆಯದಿರುವುದು ಕಷ್ಟ. ಯಾರಿಂದ ಯಾರು ಪಡೆದರು ಎಂಬುದು ನಮಗೆ ಮುಖ್ಯವಲ್ಲ. ತೇಜಸ್ವಿಯವರ ಕಥೆಗೆ, ಗಿರೀಶ ಕಾಸರವಳ್ಳಿಯವರ ಚಿತ್ರಕ್ಕೆ ತಮ್ಮದೇ ನೆಲವಿದೆ. ಆದರೆ ಬಡವನ ಒಂದು ಅರ್ಜಿ, ಒಂದು ಸೈಕಲ್ಲು ಇಡೀ ಚಿತ್ರಕ್ಕೆ ವಸ್ತುವಾಗಬಲ್ಲದೆಂದು ನಂಬುವ ಪ್ರೇಕ್ಷಕರು ಅಷ್ಟು ಹೊತ್ತಿಗೆ ತಯಾರಾಗಿದ್ದರು.

ಆ ಪ್ರೇಕ್ಷಕರು ಒಟ್ಟಿಗೆ ಕೂರುತ್ತಿದ್ದ ಜಾಗಗಳು ಒಂದೊಂದಾಗಿ ಹೋದವು. 2004ರಲ್ಲಿ ಚಿತ್ರೋತ್ಸವ ಗೋವಾಕ್ಕೆ ಹೊರಟು ಸಿರಿ ಫೋರ್ಟ್ ಸಭಾಂಗಣದ ಮುಂದಿನ ಸರದಿ ಸಾಲು ಕರಗಿತು. ಚಾಣಕ್ಯ ಚಿತ್ರಮಂದಿರ ನೆಲಸಮವಾಯಿತು. 2017ರ ಮಾರ್ಚಿನಲ್ಲಿ ರೀಗಲ್ ಬಾಗಿಲು ಹಾಕಿತು. 2022ರಲ್ಲಿ ಚಿತ್ರೋತ್ಸವ ನಿರ್ದೇಶನಾಲಯ, ಫಿಲ್ಮ್ಸ್ ಡಿವಿಜನ್, ಪುಣೆಯ ಫಿಲ್ಮ್ ಆರ್ಕೈವ್ ಎಲ್ಲವನ್ನೂ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ (ಎನ್‌ಎಫ್‌ಡಿಸಿ) ಸೇರಿಸಲಾಯಿತು. ಬಂದದ್ದೂ ಇದೆ, ಅದನ್ನು ಅಲ್ಲಗಳೆಯಲಾಗದು. ವರ್ಷಕ್ಕೊಮ್ಮೆ ಸವೆದ ರೀಲಿನಲ್ಲಿ ನೋಡಬೇಕಿದ್ದ ಚಿತ್ರ ಈಗ ಸ್ವಚ್ಛ ಪ್ರತಿಯಲ್ಲಿ ಕೈಯ ಫೋನಿಗೇ ಬರುತ್ತದೆ. ಇಟಲಿಯ ಬೊಲೋನ್ಯಾದ ಪ್ರಯೋಗಾಲಯದಲ್ಲಿ ನಮ್ಮ ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು 2024ರ ವೆನಿಸ್ ಉತ್ಸವದಲ್ಲಿ ಮತ್ತೆ ತೆರೆಕಂಡಿತು. ಮನೆಯಲ್ಲಿ ಒಬ್ಬೊಬ್ಬರೇ ‘ಬೈಸಿಕಲ್ ಥೀವ್ಸ್’ ನೋಡುವ ಇಂದಿನ ಯುವಕರಲ್ಲಿ ಕೆಲವರಿಗೆ ಅದು ನಿಧಾನ, ಕೆಲವರಿಗೆ ಒಂದು ಸೈಕಲ್ಲಿಗೆ ಇಷ್ಟೆಲ್ಲ ಏಕೆಂಬ ಪ್ರಶ್ನೆ, ಕೆಲವರಿಗೆ ಅಪ್ಪ ಮಗನಿಗೆ ಹೊಡೆದದ್ದರ ಮೇಲೆ ಸಿಟ್ಟು. ಈ ಸಿಟ್ಟನ್ನು ನಾವು ಗೌರವದಿಂದ ಕೇಳಿಸಿಕೊಳ್ಳಬೇಕು. ಹಿಂದಿನ ಪ್ರೇಕ್ಷಕರು ಆ ಏಟನ್ನು ಸಹಜವೆಂದು ದಾಟಿಬಿಟ್ಟಿದ್ದರು.

ಕಳವಳವಿರುವುದು ಬೇರೆಡೆ. ಸ್ವಂತ ಸೈಕಲ್ಲಿದ್ದರೆ ಮಾತ್ರ ಕೆಲಸ ಎಂಬ 1948ರ ಷರತ್ತು ಇಂದು ಗುರುಗ್ರಾಮ, ನೊಯಿಡಾಗಳಲ್ಲಿ ಊಟದ ಪೊಟ್ಟಣ ಹೊತ್ತು ಓಡಾಡುವ ಸಾವಿರಾರು ಹುಡುಗರ ನಿತ್ಯದ ಸ್ಥಿತಿ. ಬೈಕಿನ ಕಂತು ತಪ್ಪಿದರೆ, ಬೈಕೇ ಕಳುವಾದರೆ, ಅಂದಿನ ದುಡಿಮೆ ಇಲ್ಲ. ಲೋಧಿ ರಸ್ತೆಯ ತಣ್ಣನೆಯ ಸಭಾಂಗಣದಲ್ಲಿ ಈ ಚಿತ್ರ ನಡೆಯುವಾಗ ಅವರು ಹೊರಗಿನ ರಸ್ತೆಯಲ್ಲಿರುತ್ತಾರೆ. ಅವರಂಥವರಿಗೆ ಈ ಕಥೆ ತಲುಪಿದ್ದು ಬೇರೆ ದಾರಿಯಿಂದ: 2007ರ ತಮಿಳಿನ ‘ಪೊಲ್ಲಾದವನ್’, ಅದರ ಕನ್ನಡ ರೂಪವಾದ 2010ರ ‘ಪುಂಡ’. ಹೊಡೆದಾಟ, ಹಾಡುಗಳ ನಡುವೆಯೂ ಅಲ್ಲಿ ಬೈಕ್ ಕಳೆದುಕೊಂಡ ಹುಡುಗನ ದಿಗಿಲು ನಿಜವಾಗಿತ್ತು. ಡಿ ಸಿಕಾನ ಕೀರ್ತಿಯನ್ನು ಕಾಪಾಡಿದವರ ಪಟ್ಟಿಯಲ್ಲಿ ಆ ಗಾಂಧಿ ಕ್ಲಾಸಿನ ಪ್ರೇಕ್ಷಕರನ್ನೂ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಆರ್.ಕೆ. ಪುರಂನಲ್ಲಿ ನಮ್ಮ ಸಂಘಕ್ಕೆ ಸ್ವಂತ ಸಭಾಂಗಣವಿದೆ. ‘ಬೈಸಿಕಲ್ ಥೀವ್ಸ್’ ಮತ್ತು ‘ತಬರನ ಕಥೆ’ಯನ್ನು ಒಂದೇ ದಿನ ಅಲ್ಲಿ ತೋರಿಸಲಿ. ಅಡಿಬರಹ ಕನ್ನಡದಲ್ಲೂ ಹಿಂದಿಯಲ್ಲೂ ಇರಲಿ, ಪ್ರವೇಶ ಉಚಿತವಿರಲಿ. ಹೊತ್ತನ್ನು ಮಾತ್ರ ನಮ್ಮ ಅನುಕೂಲಕ್ಕೆ ಗೊತ್ತುಮಾಡದೆ, ಆ ಹುಡುಗರನ್ನು ಕೇಳಿ ಗೊತ್ತುಮಾಡಲಿ.