ತಂಬಾಕು ತರಲು ಮಕ್ಕಳನ್ನು ಕಳಿಸಬೇಡಿ

ಗುಟ್ಕಾ, ತಂಬಾಕು ಕೆಟ್ಟದ್ದು ಎಂದು ನಮ್ಮಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ತಂಬಾಕಿನ ಪಾಕೀಟಿನ ಮೇಲೆ ಚಿತ್ರ ಹಾಕಿಯೇ ಹೇಳಿದ್ದಾರೆ. ಆದರೂ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ನಾವು ಬರುವ ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ನೋಡಿದರೂ ಗೋಡೆಯ ಮೂಲೆಗಳು ಕೆಂಪಗಿವೆ. ತಿನ್ನುವವರನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ನನ್ನ ಮಾತು ಒಂದೇ: ತಂಬಾಕು ತರಲು ಮನೆಯ ಮಕ್ಕಳನ್ನು ಅಂಗಡಿಗೆ ಕಳಿಸುವುದು ನಿಲ್ಲಬೇಕು.

ನಮ್ಮ ಮೊಹಲ್ಲಾದಲ್ಲಿ ಏಳೆಂಟು ವರ್ಷದ ಹುಡುಗನಿಗೆ ಮನೆಯವರು ಕೊಡುವ ಮೊದಲ ಕೆಲಸ ಹೆಚ್ಚಾಗಿ ಇದೇ. "ಜಾ ಬೇಟಾ, ದೋ ಪುಡಿಯಾಂ ಲೇಕೆ ಆ" ಎಂದು ಕೈಗೆ ನೋಟು ಕೊಡುತ್ತಾರೆ. ಉಳಿದ ಚಿಲ್ಲರೆಗೆ ಚಾಕಲೇಟ್ ತಗೋ ಎನ್ನುತ್ತಾರೆ. ಕಾಮರ್ಸ್ ಓದುವ ನಮಗೆ ಇದರ ಹೆಸರು ಗೊತ್ತು, ಕಮಿಷನ್. ಹುಡುಗನಿಗೆ ಯಾವ ಅಂಗಡಿಯಲ್ಲಿ ಯಾವ ಮಾಲು ಸಿಗುತ್ತದೆ, ರೇಟು ಎಷ್ಟು, ಎರಡು ಪಾಕೀಟು ಹೇಗೆ ಬೆರೆಸಬೇಕು ಎಲ್ಲವೂ ಹತ್ತು ವರ್ಷದೊಳಗೆ ಗೊತ್ತಾಗಿರುತ್ತದೆ. ಮುಂದೆ ಹದಿನೈದು, ಹದಿನಾರರಲ್ಲಿ ಅವನು ತನಗಾಗಿ ಕೊಂಡರೆ "ಕೆಟ್ಟ ಹುಡುಗರ ಸಹವಾಸ" ಎಂದು ಅದೇ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಅಂಗಡಿಯ ದಾರಿ ತೋರಿಸಿದವರು ಸ್ನೇಹಿತರಲ್ಲ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರ ಮೇ ತಿಂಗಳಲ್ಲಿ. ತಂಬಾಕು ಬೆರೆತ ಪಾಕೀಟು ಮಾರುವಂತಿಲ್ಲ ಎಂದಾಗ ಪಾನ್ ಮಸಾಲಾ ಒಂದು, ತಂಬಾಕು ಒಂದು ಎಂದು ಎರಡು ಪಾಕೀಟು ಬಂದವು. ಬೆರೆಸುವ ಕೆಲಸ ಮಾತ್ರ ಕಾರ್ಖಾನೆಯಿಂದ ಗಿರಾಕಿಯ ಅಂಗೈಗೆ ಬಂತು. 2003ರ ಕೇಂದ್ರ ಕಾಯ್ದೆಯಲ್ಲಿ 18 ವರ್ಷದೊಳಗಿನವರಿಗೆ ತಂಬಾಕು ಮಾರುವುದು ಅಪರಾಧ. ನಮ್ಮ ರಾಜ್ಯ ಅದಕ್ಕೆ ತಿದ್ದುಪಡಿ ತಂದು 2025ರಲ್ಲಿ ಆ ವಯಸ್ಸನ್ನು 21ಕ್ಕೆ ಏರಿಸಿದೆ. ಶಾಲಾ ಕಾಲೇಜುಗಳಿಂದ 100 ಮೀಟರ್ ಒಳಗೆ ಮಾರುವಂತೆಯೂ ಇಲ್ಲ. ಮಕ್ಕಳಿಗೆ ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಜೈಲು ಎಂದು 2015ರ ಬಾಲ ನ್ಯಾಯ ಕಾಯ್ದೆಯ 77ನೇ ಕಲಂ ಹೇಳುತ್ತದೆ. ಅಂದರೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ಅಂಗಡಿಯವನು ಒಂದು ಪಾಕೀಟನ್ನೂ ಮಾರಬಾರದು. ಆದರೆ ಏಳು ವರ್ಷದ ಹುಡುಗ ಬಂದು "ಅಬ್ಬಾಗೆ ಬೇಕಂತೆ" ಎಂದರೆ ಸಾಕು, ಯಾರೂ ವಯಸ್ಸು ಕೇಳುವುದಿಲ್ಲ.

ದೊಡ್ಡವರು ಯಾಕೆ ತಿನ್ನುತ್ತಾರೆ ಎನ್ನುವುದೂ ನಮಗೆ ಗೊತ್ತಿರಬೇಕು. ಶಹಾಬಾದಿನ ಕಲ್ಲಿನ ಗಣಿಯಲ್ಲಿ, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೆಲಸದಲ್ಲಿ, ಚಿಂಚೋಳಿಯ ತೊಗರಿ ಹೊಲದಲ್ಲಿ ದುಡಿಯುವವರಿಗೆ ಅದು ಮೋಜಲ್ಲ. ಹಸಿವು ಗೊತ್ತಾಗದಿರಲಿ, ರಾತ್ರಿ ಪಾಳಿಯಲ್ಲಿ ನಿದ್ದೆ ಬರದಿರಲಿ ಎಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ಕೆಲಸ ಮುಗಿದರೂ ಚಟ ಮುಗಿಯುವುದಿಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ರೀತಿಯಲ್ಲಿ ತಂಬಾಕು ಬಳಸುತ್ತಾರೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂದು ಜೋಡಿ ಪಾಕೀಟಿಗೆ 10 ರೂಪಾಯಿ, ದಿನಕ್ಕೆ ಐದು ಜೋಡಿ ಎಂದು ಹಿಡಿಯಿರಿ. ದಿನಕ್ಕೆ 50, ವರ್ಷಕ್ಕೆ 18,250 ರೂಪಾಯಿ. ಮಾಲೀಕ ತನ್ನ ಸ್ವಂತಕ್ಕೆ ತೆಗೆದ ಹಣವನ್ನು ಡ್ರಾಯಿಂಗ್ಸ್ ಎಂದು ಬರೆದು ಬಂಡವಾಳದಿಂದ ಕಳೆಯಬೇಕು ಎಂದು ಅಕೌಂಟೆನ್ಸಿಯಲ್ಲಿ ಕಲಿತಿದ್ದೇವೆ. ಮನೆಯಲ್ಲಿ ಈ ಹಣವನ್ನು ಯಾರೂ ಎಲ್ಲಿಯೂ ಬರೆಯುವುದಿಲ್ಲ. ಅಮ್ಮಿ ಹಾಲು, ಎಣ್ಣೆ, ಫೀಸು ಎಂದು ಲೆಕ್ಕ ಹಾಕುವಾಗ ಮಾತ್ರ ಅದು ಕಡಿಮೆ ಬೀಳುತ್ತದೆ.

"ನಾನು ತಂಬಾಕು ಹಾಕಲ್ಲ, ಬರೀ ಸುಪಾರಿ" ಎನ್ನುವವರಿಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯೇ ಕ್ಯಾನ್ಸರ್ ತರಬಲ್ಲದು ಎಂದು 2004ರಲ್ಲಿ ಹೇಳಿದೆ. ಅಡಿಕೆ ಅಗಿಯುವವರ ಕೆನ್ನೆಯ ಒಳಚರ್ಮ ನಿಧಾನವಾಗಿ ಬಿಗಿದು ಬಾಯಿ ತೆರೆಯದಂತಾಗುತ್ತದೆ. ಸಾಮಾನ್ಯವಾಗಿ ಮೂರು ಬೆರಳು ನೇರವಾಗಿ ನಿಲ್ಲಿಸಿ ಬಾಯಿಯೊಳಗೆ ಇಡಲು ಬರಬೇಕು. ಆಗದಿದ್ದರೆ, ಖಾರ ತಿಂದಾಗ ಉರಿಯುತ್ತಿದ್ದರೆ, ಬೇಗ ದಂತವೈದ್ಯರಿಗೆ ತೋರಿಸಬೇಕು. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ. ಅಲ್ಲಿಗೆ ಹೋಗುವ ಪರಿಸ್ಥಿತಿ ಬರದಿರುವುದೇ ಒಳ್ಳೆಯದು.

ಹಿರಿಯರು ಹೇಳಿದ ಕೆಲಸಕ್ಕೆ ಇಲ್ಲ ಎನ್ನುವುದು ಬೇಅದಬಿ ಅಲ್ಲವೇ ಎಂದು ಕೆಲವರು ಕೇಳಬಹುದು. ಅದಕ್ಕೇ ನಾನು ಮಕ್ಕಳಿಗೆ ಎದುರು ಮಾತಾಡಿ ಎನ್ನುತ್ತಿಲ್ಲ. ಏಳು ವರ್ಷದವನ ಮೇಲೆ ಆ ಭಾರ ಹಾಕಬಾರದು. ಪಿಯುಸಿಗೆ ಬಂದ ನಾವು ಅಬ್ಬಾ, ಚಾಚಾ, ಭಾಯಿಜಾನ್ ಅವರಿಗೆ ಸಮಾಧಾನದಿಂದ ಹೇಳಬೇಕು: "ನಿಮಗೆ ಬೇಕಿದ್ದರೆ ನೀವೇ ತನ್ನಿ, ಚಿಕ್ಕವನನ್ನು ಕಳಿಸಬೇಡಿ." ಅಂಗಡಿಯವರೂ ನಮ್ಮವರೇ, ಅವರಿಗೂ ಹೊಟ್ಟೆಪಾಡಿದೆ. ಅಂಗಡಿ ಮುಚ್ಚಿ ಎಂದು ನಾವು ಕೇಳುತ್ತಿಲ್ಲ. ಮಕ್ಕಳ ಕೈಗೆ ಕೊಡಬೇಡಿ ಎನ್ನುತ್ತಿದ್ದೇವೆ ಅಷ್ಟೇ.

ಬಿಡಲು ಆಗುವುದಿಲ್ಲ ಎನ್ನುವವರು ರಂಜಾನ್ ನೆನಪಿಸಿಕೊಳ್ಳಲಿ. ಸಹರಿಯಿಂದ ಇಫ್ತಾರ್‌ವರೆಗೆ ಸುಮಾರು ಹದಿಮೂರು ಗಂಟೆ ತಂಬಾಕು ಮುಟ್ಟದೆ ಇರುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಹಗಲು ಗೆದ್ದವರಿಗೆ ಇಫ್ತಾರ್ ನಂತರದ ನಾಲ್ಕು ಗಂಟೆ ಉಳಿದಿದೆ. ಅಲ್ಲಿ ಸಹಾಯ ಬೇಕಾದರೆ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೂ ಮಾತಾಡುತ್ತಾರೆ.

ಮೇ 31 ವಿಶ್ವ ತಂಬಾಕು ರಹಿತ ದಿನ. ಆಗ ನಮಗೆ ಸಾಮಾನ್ಯವಾಗಿ ರಜೆ, ಆದ್ದರಿಂದ ಕಾಲೇಜಿನಲ್ಲಿ ಅದರ ಮಾತೇ ಬರುವುದಿಲ್ಲ. ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟು: ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಟೇಪು ಹಿಡಿದು ಗೇಟಿನಿಂದ 100 ಮೀಟರ್ ಅಳೆಯಲಿ, ಸಹಾಯವಾಣಿ ನಂಬರ್ ನೋಟಿಸ್ ಬೋರ್ಡಿನ ಮೇಲೆ ವರ್ಷವಿಡೀ ಇರಲಿ, ಮುಂದಿನ ಪಾಲಕರ ಸಭೆಯಲ್ಲಿ ಮಕ್ಕಳನ್ನು ಕಳಿಸುವ ವಿಷಯ ಚರ್ಚೆಯಾಗಲಿ. ಗೆಳೆಯರಲ್ಲಿ ನಾನು ಕೇಳುವುದು ಅದಕ್ಕಿಂತ ಸಣ್ಣದು. ಇವತ್ತು ಸಂಜೆ ನಿಮ್ಮ ಮನೆಯ ಚಿಕ್ಕವನ ಕೈಯಲ್ಲಿ ಯಾರಾದರೂ ಆ ನೋಟು ಇಟ್ಟರೆ, ಅದನ್ನು ಮೆಲ್ಲಗೆ ತೆಗೆದುಕೊಂಡು ಕೊಟ್ಟವರಿಗೇ ವಾಪಸ್ ಕೊಡಿ.